ಹೆಣೆದ ಉಣ್ಣೆಯನ್ನು ಫೆಲ್ಟ್ ಮಾಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಉಣ್ಣೆಯ ಸ್ವೆಟರ್ ಅನ್ನು ಗೊತ್ತಿಲ್ಲದೆ ಬಿಸಿನೀರಿನ ವಾಷಿಂಗ್ ಮಷಿನ್‌ಗೆ ಹಾಕಿದರೆ ಏನಾಗುತ್ತದೆಂದು ನಿಮಗೆ ಗೊತ್ತು: ಕುಗ್ಗಿ, ದಪ್ಪಗಾಗಿ, ಮಗುವಿನ ಅಳತೆಗೆ ಬಂದಿರುತ್ತದೆ. ಹೀಗೆ ಉಣ್ಣೆಯ ಎಳೆಗಳು ಕೂಡಿಕೊಂಡು ದಪ್ಪ ಬಟ್ಟೆಯಾಗುವುದೇ ಫೆಲ್ಟಿಂಗ್. ಅದನ್ನೇ ಬೇಕೆಂದು, ಲೆಕ್ಕ ಹಾಕಿ ಮಾಡುವುದು ಹೇಗೆ ಎಂಬುದು ಇವತ್ತಿನ ವಿಷಯ. ಫೆಲ್ಟಿಂಗ್ ಕೆಡುವುದು ಹೆಚ್ಚಾಗಿ ನೀರಿನಲ್ಲಲ್ಲ. ಅದಕ್ಕೂ ಮೊದಲೇ, ನೂಲು ಆರಿಸುವಾಗ ಮತ್ತು ಕಡ್ಡಿಯ ಅಳತೆ ಗೊತ್ತುಮಾಡುವಾಗ ಕೆಟ್ಟಿರುತ್ತದೆ.

ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿವೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿವೆ. ಒದ್ದೆಯಾಗಿ ಬಿಸಿಯಾದ ಎಳೆಗಳನ್ನು ಉಜ್ಜಿದಾಗ ಪ್ರತಿ ಎಳೆಯೂ ಬುಡದ ದಿಕ್ಕಿಗೆ ಸುಲಭವಾಗಿ ಜಾರುತ್ತದೆ. ವಾಪಸು ಬರಲು ಹುರುಪೆಗಳು ಬಿಡುವುದಿಲ್ಲ. ಹೀಗೆ ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ಬಿಡಿಸುವ ಉಪಾಯವೇ ಇಲ್ಲ. ಬಿಸಿನೀರಿನಲ್ಲಿ ಸುಮ್ಮನೆ ನೆನೆಸಿಟ್ಟರೆ ಫೆಲ್ಟ್ ಆಗದಿರುವುದಕ್ಕೂ ಇದೇ ಕಾರಣ. ಉಜ್ಜಾಟ ಬೇಕೇ ಬೇಕು.

ಇನ್ನು ನೂಲು. ಲೇಬಲ್ ಮೇಲೆ ಸೂಪರ್‌ವಾಶ್ (ಮಷಿನ್‌ನಲ್ಲಿ ತೊಳೆದರೂ ಕುಗ್ಗದಂತೆ ಮಾಡಿದ ಉಣ್ಣೆ) ಎಂದಿದ್ದರೆ ಅದನ್ನು ಮುಟ್ಟಬೇಡಿ. ಹೆಚ್ಚಿನ ಸೂಪರ್‌ವಾಶ್ ನೂಲುಗಳಲ್ಲಿ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ, ಮೇಲೆ ತೆಳುವಾದ ಪಾಲಿಮರ್ ಲೇಪ ಕೊಟ್ಟಿರುತ್ತಾರೆ. ಅಕ್ರಿಲಿಕ್ ಮತ್ತು ಹತ್ತಿ ಫೆಲ್ಟ್ ಆಗುವುದೇ ಇಲ್ಲ. ಲೇಬಲ್ ಕಳೆದುಹೋಗಿದ್ದರೆ ಎರಡು ತುಂಡು ನೂಲಿನ ತುದಿ ಬಿಡಿಸಿ, ಒಂದರ ಮೇಲೊಂದಿಟ್ಟು, ಒದ್ದೆ ಮಾಡಿ, ಅಂಗೈಗಳ ನಡುವೆ ಜೋರಾಗಿ ಹೊಸೆಯಿರಿ. ಎರಡೂ ಸೇರಿ ಒಂದೇ ಎಳೆಯಾದರೆ ಆ ನೂಲು ಕೆಲಸಕ್ಕೆ ಬರುತ್ತದೆ. ಬಿಳಿ ಮತ್ತು ತೀರಾ ತಿಳಿ ಬಣ್ಣಗಳ ಬಗ್ಗೆ ಮಾತ್ರ ಎಚ್ಚರ: ಬ್ಲೀಚ್ ಮಾಡಿದ ಉಣ್ಣೆ ಎಷ್ಟೋ ಸಲ ಅದೇ ಕಂಪನಿಯ ಕಪ್ಪು, ನೀಲಿಯಷ್ಟು ಚೆನ್ನಾಗಿ ಕೂಡಿಕೊಳ್ಳುವುದಿಲ್ಲ. ಪಟ್ಟೆ ಪಟ್ಟೆಯ ಚೀಲ ಅಂಕುಡೊಂಕಾಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಹೆಣಿಗೆಯ ಸಡಿಲ. ಎಳೆಗಳು ಓಡಾಡಲು ಜಾಗ ಬೇಕು. ಸಾಮಾನ್ಯವಾಗಿ 5 ಮಿ.ಮೀ. ಕಡ್ಡಿಯಲ್ಲಿ ಹೆಣೆಯುವ ನೂಲಿಗೆ 6.5ರಿಂದ 8 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಹೆಣೆದದ್ದು ಬಲೆಯಂತೆ ಜೋತುಬಿದ್ದು ಅಸಹ್ಯವಾಗಿ ಕಾಣಬೇಕು, ಕಂಡರೆ ಸರಿಯಾಗಿದೆ ಎಂದೇ ಅರ್ಥ. ಕ್ರೋಶಾದಲ್ಲಿ ಇದು ಇನ್ನೂ ಮುಖ್ಯ. ಅದರ ಕುಣಿಕೆಗಳು ಮೊದಲೇ ದಟ್ಟ, ಬಿಗಿಯಾಗಿ ಹಾಕಿದರೆ ಬಟ್ಟೆ ಕುಗ್ಗುವುದು ಕಡಿಮೆ, ಹಲಗೆಯಂತೆ ಬಿರುಸಾಗುವುದು ಹೆಚ್ಚು. ಬಟ್ಟಲು, ಮನೆಯೊಳಗಿನ ಚಪ್ಪಲಿಗೆ ಆ ಬಿರುಸು ಒಳ್ಳೆಯದೇ. ಟೋಪಿಗೆ ಬೇಡ.

ಈಗ ಪ್ರಯೋಗದ ಭಾಗ. ಒಂದೇ ನೂಲಿನಲ್ಲಿ ಮೂರು ಮಾದರಿ ತುಂಡು ಹೆಣೆಯಿರಿ: 5, 6.5, 8 ಮಿ.ಮೀ. ಕಡ್ಡಿಗಳಲ್ಲಿ, ತಲಾ ಸುಮಾರು 15 ಸೆಂ.ಮೀ. ಚೌಕ. ಪ್ರತಿಯೊಂದರ ನಡುವೆ ಸರಿಯಾಗಿ 10 ಸೆಂ.ಮೀ. ಚೌಕ ಅಳೆದು, ನಾಲ್ಕು ಮೂಲೆಗೂ ಹತ್ತಿ ದಾರ ಕಟ್ಟಿ. ಹತ್ತಿ ಫೆಲ್ಟ್ ಆಗದ್ದರಿಂದ ಆ ಗಂಟುಗಳು ಕೊನೆಯವರೆಗೂ ಕಾಣುತ್ತವೆ. ಅಂಚಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ, ಅಂಚು ಬೇರೆಯದೇ ರೀತಿ ಕುಗ್ಗುತ್ತದೆ.

ಮಾದರಿ ತುಂಡು ಫೆಲ್ಟ್ ಆದಮೇಲೆ ಆ 10 ಸೆಂ.ಮೀ. ಚೌಕದ ಅಗಲ 8, ಎತ್ತರ 7 ಸೆಂ.ಮೀ. ಬಂತೆಂದುಕೊಳ್ಳಿ. ಕಡ್ಡಿ ಹೆಣಿಗೆ ಸಾಮಾನ್ಯವಾಗಿ ಎತ್ತರದಲ್ಲೇ ಹೆಚ್ಚು ಕುಗ್ಗುತ್ತದೆ. 24 ಸೆಂ.ಮೀ. ಅಗಲ, 28 ಎತ್ತರದ ಚೀಲ ಬೇಕಿದ್ದರೆ 24ನ್ನು 0.8ರಿಂದ, 28ನ್ನು 0.7ರಿಂದ ಭಾಗಿಸಿ. 30 ಅಗಲ, 40 ಎತ್ತರ ಹೆಣೆಯಬೇಕು. ಪುಸ್ತಕದಲ್ಲಿರುವ ಶೇಕಡಾವಾರನ್ನು ನಂಬಬೇಡಿ. ನಿಮ್ಮ ನೂಲು, ನಿಮ್ಮ ಕೈ, ನಿಮ್ಮ ಮಷಿನ್ ಕೊಟ್ಟ ಅಂಕಿಯೇ ಅಂಕಿ.

ಮಷಿನ್‌ಗೆ ಹಾಕುವಾಗ ವಸ್ತುವನ್ನು ಜಿಪ್ ಇರುವ ದಿಂಬಿನ ಚೀಲದೊಳಗಿಡಿ. ಉದುರಿದ ಉಣ್ಣೆಯ ನಾರು ಪಂಪಿಗೆ ಸಿಕ್ಕರೆ ರಿಪೇರಿಯ ಖರ್ಚು ನಿಮ್ಮದೇ. ಜೊತೆಗೆ ಬಣ್ಣ ಬಿಡದ ಹಳೆಯ ಜೀನ್ಸ್ ಒಂದೆರಡು ಹಾಕಿ, ಉಜ್ಜಾಟಕ್ಕೆ. ಟವೆಲ್ ಬೇಡ, ಅದರ ನೂಲುಚೂರು ಫೆಲ್ಟ್‌ನೊಳಗೆ ಹೂತು ಹೊರಬರುವುದಿಲ್ಲ. ಸೋಪು ಒಂದು ಚಮಚ ಸಾಕು, ನೊರೆ ಜಾಸ್ತಿಯಾದರೆ ಬಟ್ಟೆಗಳು ಉಜ್ಜಿಕೊಳ್ಳದೆ ತೇಲುತ್ತವೆ. ಮೇಲಿನಿಂದ ತೆರೆಯುವ ಮಷಿನ್‌ನಲ್ಲಿ 60 ಡಿಗ್ರಿ ನೀರಿಟ್ಟು ಐದೈದು ನಿಮಿಷಕ್ಕೆ ನಿಲ್ಲಿಸಿ ನೋಡಿ. ಮುಂಬಾಗಿಲಿನ ಮಷಿನ್ ನಡುವೆ ತೆರೆಯದಿದ್ದರೆ 40 ಡಿಗ್ರಿಯ ಚಿಕ್ಕ ಸೈಕಲ್‌ನಿಂದ ಶುರುಮಾಡಿ. ಸಾಲದಿದ್ದರೆ ಇನ್ನೊಮ್ಮೆ ಹಾಕಬಹುದು, ಜಾಸ್ತಿಯಾದರೆ ಮಾಡುವುದೇನೂ ಇಲ್ಲ.

ಮೊದಲ ಸಲ ತೆಗೆದಾಗ ವಸ್ತು ಕುಗ್ಗುವ ಬದಲು ಹಿಗ್ಗಿದಂತೆ ಕಂಡರೆ ಗಾಬರಿಯಾಗಬೇಡಿ, ಒದ್ದೆ ಉಣ್ಣೆ ಜೋತುಬೀಳುತ್ತದೆ. ಪ್ರತಿ ಸಲವೂ ಒಳಗೆ ಕೈ ಹಾಕಿ ಎರಡು ಪದರಗಳನ್ನು ಬಿಡಿಸಿ. ಬಿಟ್ಟರೆ ಚೀಲದ ಎರಡೂ ಗೋಡೆ ಅಂಟಿ ಒಂದೇ ಆಗುತ್ತವೆ. ಬಾಯಿ ಅಲೆಅಲೆಯಾಗಿ ಅಗಲವಾಗುವುದು ಇನ್ನೊಂದು ತೊಂದರೆ. ಮುಂಚೆಯೇ ಹತ್ತಿ ದಾರದಲ್ಲಿ ಬಾಯಿಗೆ ಉದ್ದುದ್ದ ಹೊಲಿಗೆ ಹಾಕಿಕೊಂಡರೆ ತಪ್ಪುತ್ತದೆ. ಕುಣಿಕೆಗಳು ಮಸುಕಾಗಿ, ಬಟ್ಟೆಯನ್ನು ಎಳೆದರೂ ನಡುವೆ ಬೆಳಕು ಕಾಣದಿದ್ದರೆ ನಿಲ್ಲಿಸುವ ಹೊತ್ತು.

ಜೋರಾದ ಸ್ಪಿನ್ ಕೊಟ್ಟರೆ ಮಡಿಕೆಯ ಗೆರೆ ಶಾಶ್ವತವಾಗಿ ಉಳಿಯಬಹುದು. ಕೈಯಲ್ಲಿ ತೊಳೆದು, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆಯಿರಿ. ಸೋಪಿನ ಕ್ಷಾರ ಹೋಗಲು ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಬಹುದು. ಇನ್ನೂ ಒದ್ದೆಯಿರುವಾಗಲೇ ಎಳೆದು ಆಕಾರ ತನ್ನಿ: ಟೋಪಿಗೆ ಬೋಗುಣಿ, ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿದ ರಟ್ಟಿನ ಪೆಟ್ಟಿಗೆ. ದಪ್ಪ ಇದ್ದರೆ ಒಣಗಲು ಎರಡು ಮೂರು ದಿನ ಬೇಕು. ಪೂರ್ತಿ ಒಣಗಿದ ಮೇಲೆ ಹಿಡಿಕೆಯ ತೂತನ್ನು ಕತ್ತರಿಯಲ್ಲೇ ಕತ್ತರಿಸಿ, ಚೆನ್ನಾಗಿ ಫೆಲ್ಟ್ ಆಗಿದ್ದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಮೊದಲ ಕತ್ತರಿ ಮಾತ್ರ ಮಾದರಿ ತುಂಡಿನ ಮೇಲೆ ಬೀಳಲಿ.