ಹೊಸ ಮಲ್ಚ್ ಸುರಿಯುವ ಮೊದಲು ಹಳೆಯದನ್ನು ಸರಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಖಡಕ್ಕಾಗಿಯೇ ಒಂದು ಮಾತು ಹೇಳಬೇಕು. ಪಾತಿಯಲ್ಲಿ ಹಾಕಿದ ಮಲ್ಚ್, ಅಂದರೆ ಮಣ್ಣಿನ ಮೇಲೆ ಹಾಸುವ ಮರದ ಚೂರು, ತೊಗಟೆ, ಎಲೆಗಳ ಹೊದಿಕೆ, ಬಣ್ಣಗೆಟ್ಟಿತು ಅಂತ ಅದರ ಮೇಲೆಯೇ ಇನ್ನೊಂದು ಪದರ ಸುರಿಯುವ ಅಭ್ಯಾಸ ಇದೆಯಲ್ಲ, ಅದನ್ನು ನಾವು ಬಿಡಬೇಕು. ಬಿಸಿಲಿಗೆ ಮರದ ಚೂರು ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ಸಹಜ. ಬಣ್ಣ ಹೋಯಿತು ಅಂತ ಅದರ ಕೆಲಸ ನಿಲ್ಲುವುದಿಲ್ಲ. ಮಣ್ಣಿನ ತೇವ ಉಳಿಸುತ್ತಲೇ ಇರುತ್ತದೆ, ಕಳೆ ತಡೆಯುತ್ತಲೇ ಇರುತ್ತದೆ.

ವರ್ಷಕ್ಕೊಮ್ಮೆ ಹಾಕಲೇಬೇಕು ಅನ್ನುವ ನಿಯಮವೂ ಇಲ್ಲ. ಬೆರಳನ್ನು ಮಣ್ಣು ತಗಲುವವರೆಗೂ ಇಳಿಸಿ, ಎಷ್ಟು ದಪ್ಪ ಉಳಿದಿದೆ ನೋಡಿ. ಮರದ ಚೂರು, ತೊಗಟೆ ಆದರೆ 5ರಿಂದ 8 ಸೆಂಟಿಮೀಟರ್ ಸಾಕು. ನುಣ್ಣಗೆ ಪುಡಿ ಮಾಡಿದ ಎಲೆ ಆದರೆ ಅದಕ್ಕಿಂತ ಕಡಿಮೆ. 4 ಸೆಂಟಿಮೀಟರ್ ಉಳಿದಿದೆಯಾ? ಇನ್ನೆರಡು ಸೇರಿಸಿ, ಮುಗಿಯಿತು. ಕರಗಿದ್ದಷ್ಟನ್ನು ತುಂಬಿದರೆ ಸಾಕು, ಮೂಟೆ ಖಾಲಿ ಮಾಡುವ ಅಗತ್ಯ ಇಲ್ಲ.

ಸೇರಿಸುವ ಮೊದಲು ಒಂದು ಕಡೆ ಕೈಯಿಂದ ಸರಿಸಿ ನೋಡಿ. ಮೇಲೆ ಒಣಗಿದ ಚೂರು. ಅದರ ಕೆಳಗೆ ಕಪ್ಪಗೆ, ಉದುರುದುರಾಗಿ, ಅರ್ಧ ಮಣ್ಣಾದ ಪದರ. ನಡುವೆ ಬಿಳಿ ದಾರದಂಥ ಎಳೆಗಳು ಕಾಣಬಹುದು. ಅದನ್ನು ನೋಡಿ ರೋಗ ಬಂತು ಅಂತ ಔಷಧಿ ಹುಡುಕುವವರಿದ್ದಾರೆ. ಬೇಡ. ಅದು ಮರವನ್ನು ಕರಗಿಸುವ ಶಿಲೀಂಧ್ರ, ನಿಮ್ಮ ಪರವಾಗಿಯೇ ದುಡಿಯುತ್ತಿದೆ. ಆದರೆ ಎಲೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದರೆ ಅದು ಬೇರೆ ಕಥೆ. ಒಂದು ಮಗ್ ನೀರು ಹಾಕಿ ನೋಡಿ. ನೀರು ಇಂಗದೆ ಪಕ್ಕಕ್ಕೆ ಹರಿದು ಹೋದರೆ, ಮೇಲೆ ಒದ್ದೆಯಾಗಿ ಕಂಡರೂ ಕೆಳಗೆ ಬೇರು ಒಣಗುತ್ತಿದೆ ಅಂತ ಅರ್ಥ. ಅದನ್ನು ಕೈಯಿಂದ ಬಿಡಿಸಿ, ಸಡಿಲ ಮಾಡಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ, ಹೊಸದು ಬೇಕೇ ಆಗುವುದಿಲ್ಲ.

ಮೂಗನ್ನೂ ಉಪಯೋಗಿಸಿ. ಗಾಳಿಯಾಡದ ರಾಶಿಯಲ್ಲಿ ಬಹಳ ದಿನ ಇದ್ದ ಮಲ್ಚ್ ಹುಳಿ ವಾಸನೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದನ್ನು ಹಾಗೇ ಹಾಕಿದರೆ ಎಳೆ ಗಿಡಗಳ ಎಲೆ ಸುಟ್ಟು ಹೋಗುತ್ತದೆ. ತೆಳ್ಳಗೆ ಹರಡಿ ಕೆಲವು ದಿನ ಗಾಳಿಗೆ ಬಿಡಿ. ವಾಸನೆ ಹೋದ ಮೇಲೆ ಬಳಸಿ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಸುವ ವಿಷಯ. ಮರದ ಬುಡಕ್ಕೆ ಗುಡ್ಡೆ ಹಾಕುವುದು. ನೋಡಲು ಅಚ್ಚುಕಟ್ಟು, ಅಲ್ವಾ? ಆದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಇಲಿ, ಹುಳುಗಳಿಗೆ ಮನೆ ಮಾಡಿಕೊಟ್ಟ ಹಾಗೆ. ಇನ್ನೂ ಕೆಟ್ಟದ್ದು ಅಂದರೆ, ಆ ಗುಡ್ಡೆಯೊಳಗೇ ಹೊಸ ಬೇರು ಬಂದು ಕಾಂಡವನ್ನು ಸುತ್ತಿಕೊಳ್ಳಬಹುದು. ಮರ ದಪ್ಪಗಾಗುತ್ತಾ ಹೋದಂತೆ ತನ್ನ ಬೇರೇ ತನ್ನ ಕುತ್ತಿಗೆ ಹಿಸುಕುತ್ತದೆ. ಇದು ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಮರ ಸೊರಗಿದಾಗ ಯಾರೂ ಮಲ್ಚ್ ಮೇಲೆ ಅನುಮಾನ ಪಡುವುದಿಲ್ಲ. ಬುಡದಲ್ಲಿ ಕಾಂಡ ಅಗಲವಾಗಿ ಬೇರುಗಳತ್ತ ಹರಡಬೇಕು. ಅದು ಕಾಣದೆ, ಕಾಂಡ ಕಂಬದ ಹಾಗೆ ನೆಟ್ಟಗೆ ಇಳಿದಿದ್ದರೆ ಬುಡ ಹೂತುಹೋಗಿರುವ ಸಾಧ್ಯತೆ ಜಾಸ್ತಿ. ಇವತ್ತೇ ಸರಿಸಿ. ಮರಕ್ಕೆ ಸುತ್ತ ನಾಲ್ಕೈದು ಬೆರಳಗಲ, ಚಿಕ್ಕ ಗಿಡಕ್ಕೆ ಎರಡು ಬೆರಳಗಲ ಜಾಗ ಖಾಲಿ ಇರಲಿ.

ಮರದ ಚೂರು ಮಣ್ಣಿನ ಸಾರಜನಕವನ್ನೆಲ್ಲ ತಿಂದುಬಿಡುತ್ತದೆ ಅನ್ನುವ ಭಯ ಹಲವರಿಗಿದೆ. ಮೇಲೆ ಹಾಸಿದಾಗ ಆ ಪರಿಣಾಮ ಮಣ್ಣಿಗೆ ತಾಗುವ ತೆಳು ಪದರದಲ್ಲಷ್ಟೇ. ಬೇರಿನ ಆಳಕ್ಕೆ ಹೋಗುವುದಿಲ್ಲ. ತೊಂದರೆ ಆಗುವುದು ಅದನ್ನು ಅಗೆದು ಮಣ್ಣಿಗೆ ಬೆರೆಸಿದಾಗ. ಆಗ ಎಲೆ ಹಳದಿಯಾಗುತ್ತದೆ. ಹಾಗಾಗಿ ಗಿಡ ನೆಡುವಾಗ ಮಲ್ಚನ್ನು ಪಕ್ಕಕ್ಕೆ ಎಳೆದು, ನೆಟ್ಟು, ಮತ್ತೆ ಮುಚ್ಚಿ. ಗೊಬ್ಬರ ಹಾಕುವಾಗಲೂ ಅಷ್ಟೇ, ಗೊಬ್ಬರ ಮಣ್ಣಿನ ಮೇಲೆ ಬೀಳಲಿ.

ಕೆಳಗೆ ಹಾಸುವ ಕಳೆ ತಡೆಯುವ ಬಟ್ಟೆ ನನಗಂತೂ ಇಷ್ಟವಿಲ್ಲ. ಮಲ್ಚ್ ಕರಗಿ ಬಟ್ಟೆಯ ಮೇಲೆಯೇ ಮಣ್ಣಾಗುತ್ತದೆ. ಅಲ್ಲಿ ಬಿದ್ದ ಕಳೆ ಬೀಜ ಮೊಳೆತು, ಬೇರು ಬಟ್ಟೆಗೆ ಹೆಣೆದುಕೊಳ್ಳುತ್ತದೆ. ಕಿತ್ತರೆ ಬಟ್ಟೆಯೂ ಹರಿದು ಬರುತ್ತದೆ. ಕೆಳಗಿನ ಮಣ್ಣಿಗೂ ಎರೆಹುಳುವಿಗೂ ಏನೂ ಸಿಗುವುದಿಲ್ಲ.

ಇನ್ನೊಂದು ಕೋರಿಕೆ. ತೋಟದ ಇಂಚಿಂಚನ್ನೂ ಮುಚ್ಚಬೇಡಿ. ಜಗತ್ತಿನ ಜೇನುನೊಣ ಮತ್ತು ಅದರ ಬಂಧು ನೊಣಗಳ ಜಾತಿಗಳಲ್ಲಿ ಹೆಚ್ಚಿನವು ಗೂಡು ಕಟ್ಟುವುದು ನೆಲದೊಳಗೆ, ಒಂಟಿಯಾಗಿ. ದಪ್ಪ ಹೊದಿಕೆ ಇದ್ದರೆ ಅವಕ್ಕೆ ಮಣ್ಣು ಕೊರೆಯಲು ಆಗುವುದಿಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೂಲೆಯನ್ನು ಬರಿ ಮಣ್ಣಾಗಿ ಬಿಡಿ. ಅಲ್ಲಿ ಕಳೆ ಬಂದರೆ ಕೈಯಿಂದ ಕಿತ್ತರಾಯಿತು.