ಪಾಠ ಕೇಳುತ್ತಲೇ ಮಾಡಿದ ಕೊಲೆ

ಮಾನ್ಯರೇ,

ಎದುರಿಗೆ ಕೂತವರೆಲ್ಲ ತನ್ನ ಮಾತನ್ನೇ ಕೇಳುತ್ತಿದ್ದಾರೆ ಎಂಬುದು ಉಪನ್ಯಾಸ ಮಾಡುವವನ ಹಳೆಯ ಭ್ರಮೆ. ಈಗಷ್ಟೇ ನಾವು ನೋಡಿದ ‘ಕೊಲಂಬೋ ಗೋಸ್ ಟು ಕಾಲೇಜ್’ ಟೆಲಿಚಿತ್ರ ಆ ಭ್ರಮೆಯನ್ನೇ ಕೊಲೆಯ ಸಾಧನವಾಗಿ ಬಳಸಿಕೊಂಡಿದೆ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಲೆಫ್ಟಿನೆಂಟ್ ಕೊಲಂಬೋ ಅತಿಥಿ ಉಪನ್ಯಾಸಕನಾಗಿ ಅಪರಾಧಶಾಸ್ತ್ರದ ತರಗತಿಯ ಮುಂದೆ ನಿಂತು ಮಾತನಾಡುತ್ತಿರುವ ಹೊತ್ತಿನಲ್ಲಿಯೇ, ಆ ತರಗತಿಯಲ್ಲಿ ಸಭ್ಯರಂತೆ ಕೂತಿದ್ದ ಇಬ್ಬರು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕನನ್ನು ವಾಹನ ನಿಲುಗಡೆಯ ಕಟ್ಟಡದಲ್ಲಿ ಗುಂಡಿಟ್ಟು ಕೊಲ್ಲುತ್ತಾರೆ. ತಾವು ಕೊಲೆ ನಡೆದ ಜಾಗದಲ್ಲಿ ಇರಲೇ ಇಲ್ಲ ಎಂಬುದಕ್ಕೆ ಅವರು ಆರಿಸಿಕೊಂಡ ಸಾಕ್ಷಿ, ಮುಂದೆ ಆ ಕೊಲೆಯ ತನಿಖೆ ಮಾಡಬೇಕಾದ ಪೊಲೀಸ್ ಅಧಿಕಾರಿಯೇ. ಇಂಥ ಕಥೆಯ ಕುರಿತು ಉಪನ್ಯಾಸ ಮಾಡಲು ನಿಂತಾಗ ಕಡೆಯ ಸಾಲಿನ ಕಡೆಗೆ ಒಂದೆರಡು ಸಲ ಹೆಚ್ಚಾಗಿ ಕಣ್ಣು ಹಾಯುತ್ತದೆ. ಅದನ್ನು ನೀವು ಮನ್ನಿಸಬೇಕು.

ಈ ಚಿತ್ರ ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ 1990ರ ಡಿಸೆಂಬರ್ 9ರಂದು ಮೊದಲು ಪ್ರಸಾರವಾಯಿತು. ಚಿತ್ರಕಥೆ ಜೆಫ್ರಿ ಬ್ಲೂಮ್ ಅವರದು, ನಿರ್ದೇಶನ ಇ. ಡಬ್ಲ್ಯು. ಸ್ವಾಕ್‌ಹ್ಯಾಮರ್ ಅವರದು. ಕೊಲಂಬೋ ಎಂಬ ಪಾತ್ರ ಮಾತ್ರ ಅಷ್ಟು ಹೊತ್ತಿಗೆ ಬಹಳ ಹಳೆಯದಾಗಿತ್ತು. ಫಿಲಡೆಲ್ಫಿಯಾದಲ್ಲಿ ಶಾಲೆಯ ದಿನಗಳಿಂದಲೂ ಜೊತೆಯಾಗಿ ಬರೆಯುತ್ತಿದ್ದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಇಬ್ಬರು ಗೆಳೆಯರು ಅದನ್ನು ಸೃಷ್ಟಿಸಿದರು. ಪೀಟರ್ ಫಾಕ್ ಆ ಪಾತ್ರದಲ್ಲಿ ಮೊದಲು ಕಾಣಿಸಿಕೊಂಡದ್ದು 1968ರ ಟೆಲಿಚಿತ್ರದಲ್ಲಿ. 1971ರಿಂದ 1978ರವರೆಗೆ ಎನ್.ಬಿ.ಸಿ. ವಾಹಿನಿಯಲ್ಲಿ, ಅನಂತರ 1989ರಿಂದ 2003ರವರೆಗೆ ಎ.ಬಿ.ಸಿ.ಯಲ್ಲಿ ಅದು ಮುಂದುವರಿಯಿತು.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿ ಬೆಳೆದ ನನ್ನಂಥವರಿಗೆ ಕೊಲೆಯ ಕಥೆಯೆಂದರೆ ಕೊನೆಯ ಪುಟದವರೆಗೆ ಕೊಲೆಗಾರನ ಹೆಸರನ್ನು ಬಚ್ಚಿಡುವ ಕಥೆ. ಆ ಕೊನೆಯ ಪುಟವನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರೆ ಅಂದಿನ ನಿದ್ದೆಯೂ ಹೋದಂತೆಯೇ. ಕೊಲಂಬೋ ಕಥೆಗಳು ಈ ಕ್ರಮವನ್ನು ತಿರುವಿಹಾಕುತ್ತವೆ. ಕೊಂದವರು ಯಾರು, ಏಕೆ, ಹೇಗೆ ಎಂಬುದನ್ನೆಲ್ಲ ನಾವು ಆರಂಭದಲ್ಲಿಯೇ ಕಣ್ಣಾರೆ ನೋಡಿರುತ್ತೇವೆ; ಉಳಿಯುವುದು, ಅವರು ಸಿಕ್ಕಿಬೀಳುವುದು ಹೇಗೆ ಎಂಬ ಪ್ರಶ್ನೆ ಮಾತ್ರ. ಸಾಹಿತ್ಯದಲ್ಲಿ ಈ ತಂತ್ರವನ್ನು ಇಂಗ್ಲೆಂಡಿನ ಆಸ್ಟಿನ್ ಫ್ರೀಮನ್ 1912ರಷ್ಟು ಹಿಂದೆಯೇ ಪ್ರಯೋಗಿಸಿದ್ದರು. ಆದರೆ ಇದು ನಿಜವಾಗಿ ಒಗ್ಗಿದ್ದು ಟೆಲಿವಿಷನ್ನಿಗೆ ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ಕೂತು ನೋಡುವವನು ನಡುವೆ ಎದ್ದು ಹೋಗುತ್ತಾನೆ, ಬಾಗಿಲು ಬಡಿದರೆ ತೆರೆಯಬೇಕಾಗುತ್ತದೆ, ಹತ್ತು ನಿಮಿಷಕ್ಕೊಮ್ಮೆ ಜಾಹೀರಾತು ಬರುತ್ತದೆ. ಕೊಲೆಗಾರನನ್ನು ಅಡಗಿಸುವ ಕಥೆಯಲ್ಲಿ ಒಂದು ಸುಳಿವು ತಪ್ಪಿದರೆ ಎಲ್ಲವೂ ತಪ್ಪುತ್ತದೆ, ಇಲ್ಲಿ ಹಾಗಿಲ್ಲ. ಇಬ್ಬರು ಎದುರುಬದುರು ನಿಂತು ಆಡುವ ಮಾತೇ ಇಲ್ಲಿ ಮುಖ್ಯವಾದ್ದರಿಂದ, ಯಾವ ಹೊತ್ತಿಗೆ ಬಂದು ಕೂತರೂ ಬೆಕ್ಕು ಯಾವುದು, ಇಲಿ ಯಾವುದು ಎಂಬುದು ತಿಳಿಯುತ್ತದೆ. ಇಲಿ ತನ್ನನ್ನೇ ಬೆಕ್ಕೆಂದುಕೊಂಡಿರುವುದು ಕೂಡ.

ಈಗ ಕಥೆಯ ಬೀಜಕ್ಕೆ ಬರೋಣ. ಜಸ್ಟಿನ್ ರೋ ಮತ್ತು ಕೂಪರ್ ರೆಡ್‌ಮನ್ ಎಂಬ ಇಬ್ಬರು ಶ್ರೀಮಂತರ ಮಕ್ಕಳು ಫ್ರೀಮಾಂಟ್ ಕಾಲೇಜು ಎಂಬ ಕಲ್ಪಿತ ಕಾಲೇಜಿನಲ್ಲಿ ಓದುತ್ತಿದ್ದಾರೆ. ಅವರು ಮೊದಲು ಮಾಡಿದ ಅಪರಾಧ ಕೊಲೆಯಲ್ಲ, ಪ್ರಶ್ನೆಪತ್ರಿಕೆ ಕದ್ದದ್ದು. ಅದು ಪ್ರೊಫೆಸರ್ ರಸ್ಕ್ ಅವರಿಗೆ ಗೊತ್ತಾಗುತ್ತದೆ, ಕಾಲೇಜಿನಿಂದ ಹೊರಹಾಕಿಸುವುದಾಗಿ ಅವರು ಹೇಳುತ್ತಾರೆ, ಹುಡುಗರು ಅವರನ್ನು ಇಲ್ಲವಾಗಿಸಲು ನಿರ್ಧರಿಸುತ್ತಾರೆ. ಒಂದು ಪರೀಕ್ಷೆಗಾಗಿ ಒಂದು ಜೀವವೇ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಂದಲ್ಲ, ಎರಡು ಬಾರಿ ಸೋರಿಕೆಯಾಗಿ, ನಮ್ಮ ಮಕ್ಕಳು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಓದಿ ಕೂತ ಆ ವಾರಗಳನ್ನು ಕಂಡವರಿಗೆ, ಒಂದು ಹಾಳೆಯ ಸುತ್ತ ಎಷ್ಟು ಭಯ, ಎಷ್ಟು ದುಡ್ಡು, ಎಷ್ಟು ಮಾನ ಹೆಣೆದುಕೊಂಡಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಹುಡುಗರು ಭಯದಿಂದ ಕದ್ದವರಲ್ಲ. ಓದುವ ಶ್ರಮ ತಮ್ಮಂಥವರಿಗೆ ಏಕೆ ಎಂಬ ತಾತ್ಸಾರದಿಂದ ಕದ್ದವರು. ಕೊಲೆಯನ್ನೂ ಅವರು ಇದೇ ಮನಸ್ಸಿನಿಂದ, ಉತ್ತರ ಮೊದಲೇ ಕೈಯಲ್ಲಿರುವ ಪರೀಕ್ಷೆ ಬರೆಯುವಂತೆ ಮಾಡುತ್ತಾರೆ.

ಕೊಲೆಯ ಉಪಾಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ನಿಲುಗಡೆಯ ಕಟ್ಟಡದಲ್ಲಿ ಒಂದು ಪಿಕಪ್ ವಾಹನ ನಿಂತಿದೆ. ಅದರೊಳಗೆ ಒಂದು ಪಿಸ್ತೂಲನ್ನೂ ಒಂದು ಕ್ಯಾಮೆರಾವನ್ನೂ ಒಂದೇ ಗುರಿಗೆ ಹೂಡಿಟ್ಟಿದ್ದಾರೆ. ಕ್ಯಾಮೆರಾ ಕಂಡದ್ದನ್ನು ಪುಟ್ಟ ಟಿ.ವಿ.ಯೊಂದರ ಪರದೆಯಲ್ಲಿ ನೋಡಬಹುದು. ಪ್ರೊಫೆಸರ್ ಗುರಿಗೆ ಸರಿಯಾಗಿ ಬಂದಾಗ ರಿಮೋಟ್ ಒತ್ತಿದರೆ ಸಾಕು. 1990ರ ನೋಡುಗನ ಬೈಠಕ್ ಖಾನೆಯಲ್ಲಿ ರಿಮೋಟ್ ಎಂಬುದು ಇನ್ನೂ ಒಂದಿಷ್ಟು ಹೊಸತನ ಉಳಿಸಿಕೊಂಡಿದ್ದ ವಸ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಟಿ.ವಿ.ಗೆಂದೇ ಮಾಡಿದ ಈ ಚಿತ್ರದಲ್ಲಿ ಕೊಲೆ ನಡೆಯುವುದು ಟಿ.ವಿ. ನೋಡುತ್ತಾ ರಿಮೋಟ್ ಒತ್ತುವುದರಿಂದ. ಅಂದರೆ ಕೊಲೆಗಾರರೂ ನಾವೂ ಆ ಕ್ಷಣದಲ್ಲಿ ಒಂದೇ ಭಂಗಿಯಲ್ಲಿ ಕೂತಿರುತ್ತೇವೆ. ಮುಂದೆ ಆ ದೃಶ್ಯದ ತುಣುಕು ಯಾರದೋ ಮನೆಯ ಡಿಷ್ ಆಂಟೆನಾಕ್ಕೆ ಸಿಕ್ಕಿ ಟೇಪಿನಲ್ಲಿ ದಾಖಲಾಗಿರುವುದು ತಿಳಿದಾಗ ಈ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ. ತಾವಷ್ಟೇ ನೋಡಿದೆವು ಎಂದು ಹುಡುಗರು ತಿಳಿದಿದ್ದರು. ಗಾಳಿಯಲ್ಲಿ ಬಿಟ್ಟದ್ದು ಯಾರ ಮನೆಗೆ ಬೇಕಾದರೂ ಹೋಗುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಇಬ್ಬರು ಬುದ್ಧಿವಂತ ವಿದ್ಯಾರ್ಥಿಗಳು ಜೊತೆಗೂಡಿ ಮಾಡುವ ‘ದೋಷವಿಲ್ಲದ’ ಕೊಲೆ ಎಂಬ ಈ ವಸ್ತುವಿಗೆ ಹಿನ್ನೆಲೆಯಾಗಿ ಒಂದು ನಿಜವಾದ ಪ್ರಕರಣವಿದೆ. ಈ ಚಿತ್ರದ ಕಥೆ ಅದರ ನಕಲಲ್ಲವಾದರೂ ಅದನ್ನು ಬಿಟ್ಟು ಇದನ್ನು ಓದಲು ಬರುವುದಿಲ್ಲ. 1924ರ ಮೇ 21ರಂದು ಶಿಕಾಗೋ ನಗರದಲ್ಲಿ ನೇಥನ್ ಲೆಪೋಲ್ಡ್ ಮತ್ತು ರಿಚರ್ಡ್ ಲೋಬ್ ಎಂಬ ಇಬ್ಬರು ಯುವಕರು ಬಾಬಿ ಫ್ರಾಂಕ್ಸ್ ಎಂಬ 14 ವರ್ಷದ ಬಾಲಕನನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೊಂದರು. ಬಾಲಕ ಲೋಬ್‌ನ ದೂರದ ಸಂಬಂಧಿ. ಲೆಪೋಲ್ಡ್‌ಗೆ 19 ವರ್ಷ, ಲೋಬ್‌ಗೆ 18. ಇಬ್ಬರೂ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು, ಇಬ್ಬರೂ ಸಿರಿವಂತರ ಮನೆಯವರು, ವಯಸ್ಸಿಗೆ ಮೀರಿದ ಓದಿನಿಂದ ಹೆಸರಾದವರು. 10,000 ಡಾಲರ್ ಹಣ ಕೇಳಿ ಪತ್ರ ಬರೆದರಾದರೂ ಹಣದ ಅಗತ್ಯ ಅವರಿಗೆ ಇರಲಿಲ್ಲ. ಸಿಕ್ಕಿಬೀಳದೆ ಇಂಥದೊಂದನ್ನು ಮಾಡಿ ಮುಗಿಸಬಲ್ಲೆವೇ ಎಂಬುದಷ್ಟೇ ಅವರ ಕುತೂಹಲವಾಗಿತ್ತು.

ತಿಂಗಳುಗಟ್ಟಲೆ ಹೂಡಿದ ಆ ಸಂಚು ಕೆಲವೇ ದಿನಗಳಲ್ಲಿ ಬಯಲಾಯಿತು. ಶವ ಸಿಕ್ಕಿದ ಮೋರಿಯ ಹತ್ತಿರ ಒಂದು ಕನ್ನಡಕ ಬಿದ್ದಿತ್ತು. ಗಾಜು ಸಾಮಾನ್ಯ ಗಾಜೇ, ಚೌಕಟ್ಟೂ ಸಾಮಾನ್ಯವೇ. ಆದರೆ ಅದರ ಕಡ್ಡಿಗಳನ್ನು ಜೋಡಿಸುವ ಪುಟ್ಟ ತಿರುಗಣೆ ಬೇರೆ ಬಗೆಯದಾಗಿತ್ತು. ಆ ತಿರುಗಣೆಯಿದ್ದ ಕನ್ನಡಕ ಶಿಕಾಗೋದಲ್ಲಿ ಮಾರಾಟವಾದದ್ದು ಕೇವಲ ಮೂವರಿಗೆ, ಅವರಲ್ಲಿ ಒಬ್ಬ ಲೆಪೋಲ್ಡ್. ಹಣ ಕೇಳಿದ ಪತ್ರವನ್ನು ಟೈಪ್ ಮಾಡಿದ ಯಂತ್ರ ಅವರು ಹಿಂದಿನ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಗೃಹವೊಂದರಿಂದ ಕದ್ದು ತಂದದ್ದು. ಅದೇ ಯಂತ್ರದಲ್ಲಿ ಲೆಪೋಲ್ಡ್ ತನ್ನ ಸಹಪಾಠಿಗಳಿಗಾಗಿ ಕಾನೂನಿನ ಪಾಠದ ನೋಟ್ಸ್ ಟೈಪ್ ಮಾಡಿದ್ದ. ಅಕ್ಷರಗಳನ್ನು ತಾಳೆ ನೋಡಲು ಆ ನೋಟ್ಸ್‌ಗಳೇ ಸಾಕಾದವು. ಕೊಲೆಯಾದ ಆ ದಿನ ತಾವು ಲೆಪೋಲ್ಡ್‌ನ ಕಾರಿನಲ್ಲಿ ಸುತ್ತಾಡುತ್ತಿದ್ದೆವು ಎಂದು ಹುಡುಗರು ಹೇಳಿದ್ದರೆ, ಆ ಕಾರು ಮನೆಯಲ್ಲಿಯೇ ಇತ್ತು ಎಂದು ಮನೆಯ ಚಾಲಕ ಹೇಳಿದ. ತಮ್ಮ ಊಹೆಯಲ್ಲಿ ಮಹಾಪುರುಷರಾಗಿದ್ದವರು ಮನೆಯ ಚಾಲಕನಿಗೂ ಕಣ್ಣು ಕಿವಿಗಳಿರುತ್ತವೆ ಎಂಬುದನ್ನು ಮರೆತಿದ್ದರು. ಈ ನಡುವೆ ಲೋಬ್ ಸುಮ್ಮನೆ ಮನೆಯಲ್ಲಿ ಕೂತಿರಲಿಲ್ಲ. ಪತ್ರಿಕಾ ವರದಿಗಾರರ ಜೊತೆ ತಿರುಗುತ್ತಾ, ಪ್ರಕರಣ ಹೀಗಿರಬಹುದು ಹಾಗಿರಬಹುದು ಎಂದು ಅವರಿಗೆ ನೆರವಾಗುತ್ತಿದ್ದ.

ಈ ನೆರವಾಗುವ ಚಪಲವನ್ನು ನೋಡಿ. ಚಿತ್ರದಲ್ಲಿ ಜಸ್ಟಿನ್ ಮತ್ತು ಕೂಪರ್ ಕೂಡ ಕೊಲಂಬೋನ ಬೆನ್ನು ಬಿಡುವುದಿಲ್ಲ. ಹೊಸ ಊಹೆಗಳನ್ನು ತರುತ್ತಾರೆ, ಹುಸಿ ಜಾಡುಗಳನ್ನು ಒಡ್ಡುತ್ತಾರೆ, ಅವನು ಅತ್ತ ತಿರುಗಿದೊಡನೆ ತಮ್ಮತಮ್ಮಲ್ಲೇ ನಗುತ್ತಾರೆ. ತನ್ನ ಉತ್ತರಪತ್ರಿಕೆಯನ್ನು ಮೌಲ್ಯಮಾಪಕ ಓದುವಾಗ ಅವನ ಹೆಗಲ ಮೇಲಿನಿಂದ ಇಣುಕಿ ನೋಡುವ ಆಸೆ ಅದು. ಅಂಕ ಕೊಡುವವನೇ ಇಲ್ಲದಿದ್ದರೆ ಅವರ ಜಾಣತನಕ್ಕೆ ಬೆಲೆಯಿಲ್ಲ.

ಶಿಕಾಗೋದ ಹುಡುಗರ ಪರವಾಗಿ ವಾದಿಸಿದವರು ಕ್ಲಾರೆನ್ಸ್ ಡ್ಯಾರೋ. ಅವರು ತಪ್ಪೊಪ್ಪಿಗೆ ಸಲ್ಲಿಸಿ, ಮರಣದಂಡನೆ ಬೇಡವೆಂದಷ್ಟೇ ನ್ಯಾಯಾಧೀಶ ಜಾನ್ ಕ್ಯಾವರ್ಲಿ ಅವರ ಮುಂದೆ ದೀರ್ಘವಾಗಿ ವಾದಿಸಿದರು. ಆ ವಾದದಲ್ಲಿ ಜರ್ಮನ್ ತತ್ತ್ವಜ್ಞಾನಿ ನೀಷೆಯ ಹೆಸರು ಬಂತು, ವಿಶ್ವವಿದ್ಯಾಲಯದಲ್ಲಿ ಕಲಿಸಿದ ತತ್ತ್ವಶಾಸ್ತ್ರಕ್ಕಾಗಿ 19 ವರ್ಷದ ಹುಡುಗನನ್ನು ಗಲ್ಲಿಗೇರಿಸುವುದು ನ್ಯಾಯವೇ ಎಂಬ ಮಾತೂ ಬಂತು. ವಿದ್ಯಾಸಂಸ್ಥೆಯೇ ಕಟಕಟೆಗೆ ಬಂದ ಕ್ಷಣ ಅದು. ಆ ಭಾಗ ನನಗೆ ವಕೀಲನ ಚಾತುರ್ಯದಂತೆಯೇ ಕಾಣುತ್ತದೆ, ಏಕೆಂದರೆ ಅದೇ ಪಾಠ ಕೇಳಿದ ಉಳಿದವರು ಯಾರನ್ನೂ ಕೊಂದಿರಲಿಲ್ಲ. ಆದರೂ ಆ ಇಬ್ಬರು ಹುಡುಗರ ಜೀವ ಉಳಿಯಿತು: ಕೊಲೆಗೆ ಜೀವಾವಧಿ, ಅಪಹರಣಕ್ಕೆ 99 ವರ್ಷ. ಲೋಬ್ 1936ರಲ್ಲಿ ಜೈಲಿನಲ್ಲಿ ಇನ್ನೊಬ್ಬ ಕೈದಿಯಿಂದ ಹತನಾದ. ಲೆಪೋಲ್ಡ್ 1958ರಲ್ಲಿ ಪೆರೋಲ್ ಮೇಲೆ ಹೊರಬಂದು 1971ರಲ್ಲಿ ತೀರಿಕೊಂಡ. ಕೊಲಂಬೋ ಧಾರಾವಾಹಿ ಶುರುವಾದ ವರ್ಷವೂ ಅದೇ.

ಇನ್ನೂ ಹಿಂದೆ ಹೋದರೆ ಈ ವಂಶಾವಳಿಯ ಮೂಲದಲ್ಲಿಯೇ ಒಬ್ಬ ವಿದ್ಯಾರ್ಥಿ ಸಿಗುತ್ತಾನೆ. ಕೊಲಂಬೋ ಪಾತ್ರಕ್ಕೆ ತಮಗೆ ಪ್ರೇರಣೆಯಾದದ್ದು ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿಯ ತನಿಖಾಧಿಕಾರಿ ಪೊರ್ಫಿರಿ ಪೆತ್ರೋವಿಚ್ ಎಂದು ಲೆವಿನ್ಸನ್ ಮತ್ತು ಲಿಂಕ್ ಹೇಳಿಕೊಂಡಿದ್ದಾರೆ. 1866ರ ಆ ಕಾದಂಬರಿಯಲ್ಲಿಯೂ ಕೊಂದವನು ಯಾರೆಂದು ಓದುಗನಿಗೆ ಮೊದಲೇ ಗೊತ್ತು. ಅವನು ರಾಸ್ಕೋಲ್ನಿಕೋವ್, ಕೈಯಲ್ಲಿ ಕಾಸಿಲ್ಲದೆ ವಿಶ್ವವಿದ್ಯಾಲಯವನ್ನು ಬಿಟ್ಟವನು; ಅಸಾಮಾನ್ಯರಿಗೆ ಸಾಮಾನ್ಯರ ಕಟ್ಟಳೆಗಳು ಅನ್ವಯಿಸುವುದಿಲ್ಲ ಎಂದು ಲೇಖನ ಬರೆದವನು. ಪೊರ್ಫಿರಿ ಆ ಲೇಖನವನ್ನು ಓದಿಕೊಂಡೇ ಮಾತಿಗೆ ಕೂರುತ್ತಾನೆ. ಸಂಕೋಚಪಡುತ್ತಾನೆ, ನಗುತ್ತಾನೆ, ಏನೇನೋ ಹರಟುತ್ತಾ ಸುತ್ತು ಹೊಡೆಯುತ್ತಾನೆ. ಹೊರಟವನು ಬಾಗಿಲ ಬಳಿ ತಿರುಗಿ ‘ಇನ್ನೊಂದೇ ಒಂದು ಮಾತು’ ಎನ್ನುವ, ಸುಕ್ಕುಗಟ್ಟಿದ ಮಳೆಕೋಟಿನ ಕೊಲಂಬೋ ಅವನ ಮೊಮ್ಮಗನೇ ಸರಿ. ಆದರೆ ರಾಸ್ಕೋಲ್ನಿಕೋವ್‌ನನ್ನು ಹಗಲಿರುಳು ಸುಡುವ ಪಶ್ಚಾತ್ತಾಪ ಈ ಇಬ್ಬರು ಅಮೆರಿಕನ್ ಹುಡುಗರ ಹತ್ತಿರವೂ ಸುಳಿಯುವುದಿಲ್ಲ. ಅವನು ಬಡವ, ಇವರು ಧನಿಕರು ಎಂಬುದು ಈ ವ್ಯತ್ಯಾಸವನ್ನು ಪೂರ್ತಿ ವಿವರಿಸದು. ಆದರೆ ಲೆವಿನ್ಸನ್ ಮತ್ತು ಲಿಂಕ್ ಕಟ್ಟಿದ ಲೋಕದಲ್ಲಿ ಕೊಲೆಗಾರರು ಸಾಮಾನ್ಯವಾಗಿ ಬಂಗಲೆಯವರೇ ಆಗಿರುತ್ತಾರೆ.

ಜಸ್ಟಿನ್‌ನ ತಂದೆಯಾಗಿ, ದರ್ಪದ ವಕೀಲನಾಗಿ ನಟಿಸಿದವರು ರಾಬರ್ಟ್ ಕಲ್ಪ್. 1971, 1972 ಮತ್ತು 1973ರಲ್ಲಿ ಇದೇ ಕಲ್ಪ್ ಮೂರು ಬೇರೆ ಬೇರೆ ಕೊಲಂಬೋ ಕಥೆಗಳಲ್ಲಿ ಮೂವರು ಬೇರೆ ಬೇರೆ ಕೊಲೆಗಾರರಾಗಿದ್ದರು. ಹಳೆಯ ನೋಡುಗರಿಗೆ ಅವರ ಮುಖ ಕಂಡೊಡನೆ ಇವನೇ ಕೊಂದಿರಬೇಕು ಎಂಬ ಅನುಮಾನ ಹುಟ್ಟುವುದು ಸಹಜ. ಈ ಸಲ ಆ ಕೆಲಸ ಮಗನ ಪಾಲಿಗೆ ಬಂದಿದೆ. ಪಾತ್ರಗಳ ಆಯ್ಕೆಯಲ್ಲಿ ಇಷ್ಟು ತುಂಟತನ ತೋರಿದವರು ಬರವಣಿಗೆಯಲ್ಲಿ ಎಲ್ಲ ಕಡೆ ಅಷ್ಟೇ ಎಚ್ಚರ ವಹಿಸಿಲ್ಲ ಎಂಬುದನ್ನೂ ಹೇಳಬೇಕು. ನಡುವಿನ ಹುಸಿ ಜಾಡುಗಳು ಅಗತ್ಯಕ್ಕಿಂತ ಉದ್ದವಾದವು. ಇಬ್ಬರು ಹುಡುಗರ ನಡುವೆ ಯಾರು ಮುಂದಾಳು, ಯಾರು ಹಿಂಬಾಲಕ ಎಂಬ ಎಳೆ ಇದ್ದೂ ಅದನ್ನು ಹಿಡಿದು ಎಳೆಯಲಿಲ್ಲ. ತರಗತಿಯ ಉಳಿದ ವಿದ್ಯಾರ್ಥಿಗಳು ಕೊನೆಗೂ ಗುಂಪಾಗಿಯೇ ಉಳಿದರು.

ಇಷ್ಟಾದರೂ ಈ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುವುದು ಅದರ ಕೊನೆಗಾಗಿ. ಕೊಲಂಬೋ ಇನ್ನೊಬ್ಬ ವ್ಯಕ್ತಿಯ ಮೇಲೆ ತನಗೆ ಅನುಮಾನವಿದೆ ಎಂದು ಈ ಇಬ್ಬರಿಗೆ ಮಾತ್ರ, ಗುಟ್ಟೆಂಬಂತೆ ಹೇಳುತ್ತಾನೆ. ಆ ವ್ಯಕ್ತಿಯ ಕಾರು ಯಾವುದೆಂಬ ಗುರುತನ್ನೂ ಕೊಡುತ್ತಾನೆ. ಹುಡುಗರು ತಡಮಾಡುವುದಿಲ್ಲ. ಕೊಲೆಗೆ ಬಳಸಿದ ಪಿಸ್ತೂಲನ್ನು ಆ ಕಾರಿನೊಳಗೆ ಇಟ್ಟು ಬರುತ್ತಾರೆ, ಪೊಲೀಸರು ಅದನ್ನು ಹುಡುಕಿ ತೆಗೆಯುವುದನ್ನು ನೋಡಲು ತಾವೂ ಬಂದು ನಿಲ್ಲುತ್ತಾರೆ. ಪ್ರಶ್ನೆಪತ್ರಿಕೆ ಕದ್ದವರ ಕೈಗೆ ಕೊಲಂಬೋ ತಾನಾಗಿಯೇ ಒಂದು ಪತ್ರಿಕೆಯನ್ನು ಸೋರಿಕೆ ಮಾಡಿದ್ದಾನೆ. ಸೋರಿಕೆಯಾದದ್ದನ್ನು ನಂಬುವ ಚಟ ಹತ್ತಿದವರು ಅದನ್ನು ಒಮ್ಮೆಯೂ ಪರಿಶೀಲಿಸದೆ ಹಾಗೆಯೇ ನಕಲು ಮಾಡಿದ್ದಾರೆ. ಆ ಕಾರಿನ ಗುರುತು ಗೊತ್ತಿದ್ದವರು ಅವರಿಬ್ಬರೇ ಆದ್ದರಿಂದ, ಪಿಸ್ತೂಲು ಸಿಕ್ಕ ಕ್ಷಣವೇ ಉತ್ತರಪತ್ರಿಕೆಯ ಮೇಲೆ ಅವರ ಹೆಸರು ಬರೆದಂತಾಯಿತು.

ಆ ಕಾರು ಯಾರದು ಎಂಬ ಸಂಗತಿ ಮಾತ್ರ ನಮಗೂ ಅವರಿಗೂ ಒಟ್ಟಿಗೆ ತಿಳಿಯುತ್ತದೆ. ಹೆಂಡತಿಗೆ ಇದು ಇಷ್ಟ, ಹೆಂಡತಿ ಹೀಗೆ ಹೇಳಿದಳು, ಹೆಂಡತಿಯ ಅಣ್ಣ ಹಾಗೆ ಮಾಡಿದ ಎಂದು ಹೆಚ್ಚಿನ ಕಥೆಗಳಲ್ಲಿ ಕೊಲಂಬೋ ಹೇಳುತ್ತಲೇ ಇರುತ್ತಾನೆ. ಆದರೆ 1968ರಿಂದ 2003ರವರೆಗೆ ಆಕೆ ಒಮ್ಮೆಯೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಇಂಥ ಹೆಂಡತಿ ನಿಜವಾಗಿಯೂ ಇದ್ದಾಳೆಯೇ, ಇಲ್ಲವೇ ಮಾತಿಗೆ ಎಳೆಯಲು ಅವನು ಹೂಡಿದ ಬಲೆಯೇ ಎಂದು ನನ್ನ ಮನೆಯಲ್ಲಿ ಎಷ್ಟೋ ಸಂಜೆ ವಾದ ನಡೆದಿದೆ. ನಿಲುಗಡೆಯಲ್ಲಿ, ಕೊಲೆಗೆ ಬಳಸಿದ ಪಿಸ್ತೂಲನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿದ್ದ ಆ ಕಾರು ಆಕೆಯದು.