ಒಂದೇ ಅರ್ಥದ ಎರಡು ಪದಗಳಿವೆಯೇ?

ಗೆಳೆಯರೇ,

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಸ್ಟೀಲ್’ ಎಂಬ ಕ್ರಿಯಾಪದವನ್ನು ಹುಡುಕಿದರೆ ಕದಿಯುವುದು ಎಂದಿರುತ್ತದೆ. ‘ರಾಬ್’ ಎಂಬುದನ್ನು ಹುಡುಕಿದರೆ ದೋಚುವುದು, ಸುಲಿಯುವುದು ಎಂಬ ಮಾತುಗಳ ಜೊತೆಗೆ ಅಲ್ಲೂ ಕದಿಯುವುದು ಎಂಬುದೇ ಸಿಗುವ ಸಾಧ್ಯತೆ ಹೆಚ್ಚು. ಇದನ್ನಷ್ಟೇ ನಂಬಿಕೊಂಡು ಯಾರಾದರೂ ‘ದೇ ಸ್ಟೋಲ್ ದ ಬ್ಯಾಂಕ್’ ಎಂದು ಬರೆದರೆ, ಕಳ್ಳರು ಬ್ಯಾಂಕಿನ ಕಟ್ಟಡವನ್ನೇ ಬುಡಸಮೇತ ಹೊತ್ತುಕೊಂಡು ಹೋದರು ಎಂದಾಗುತ್ತದೆ. ಏಕೆಂದರೆ ಸ್ಟೀಲ್ ಎಂಬುದಕ್ಕೆ ಕರ್ಮವಾಗಿ ಬರಬೇಕಾದದ್ದು ಕಳುವಾದ ವಸ್ತು; ರಾಬ್ ಎಂಬುದಕ್ಕೆ ಬರಬೇಕಾದದ್ದು ವಸ್ತುವನ್ನು ಕಳೆದುಕೊಂಡ ವ್ಯಕ್ತಿ ಅಥವಾ ಸ್ಥಳ. ಇಂಗ್ಲೆಂಡಿನ ಕಾನೂನು ಈ ಗುಂಪಿನ ಪದಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅಲ್ಲಿಯ 1968ರ ಕಳ್ಳತನ ಕಾಯಿದೆಯ ಪ್ರಕಾರ, ಕದಿಯುವುದಕ್ಕಾಗಿ ಬಲಪ್ರಯೋಗ ಮಾಡಿದರೆ ಅಥವಾ ಬಲಪ್ರಯೋಗದ ಭಯ ಹುಟ್ಟಿಸಿದರೆ ಅದು ‘ರಾಬರಿ’. ಕದಿಯುವ ಉದ್ದೇಶದಿಂದ ಕಟ್ಟಡದೊಳಕ್ಕೆ ಅತಿಕ್ರಮವಾಗಿ ಹೊಕ್ಕರೆ, ಕೈಗೆ ಏನೂ ಸಿಗದೆ ಬರಿಗೈಯಲ್ಲಿ ಹೊರಬಂದರೂ, ಅದು ‘ಬರ್ಗ್ಲರಿ’.

ಸಮಾನಾರ್ಥಕ ಪದಗಳೆಂದು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಜೋಡಿಗಳ ಸ್ಥಿತಿ ಬಹುಪಾಲು ಇದೇ. ಅವುಗಳ ಅರ್ಥ ಒಂದು ಕಡೆ ಕೂಡುತ್ತದೆ, ಉಳಿದೆಡೆ ಬೇರೆಬೇರೆ ದಾರಿ ಹಿಡಿಯುತ್ತದೆ. ನಿಘಂಟು ತೋರಿಸುವುದು ಸಾಮಾನ್ಯವಾಗಿ ಕೂಡುವ ಜಾಗವನ್ನು. ಬರೆಯುವವರಿಗೆ ಬೇಕಾಗುವುದು ಕವಲೊಡೆಯುವ ಜಾಗ.

ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುವುದಕ್ಕೆ ಇತಿಹಾಸದ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯ, ಜಮೀನುದಾರಿಕೆಗಳ ಮಾತು ಫ್ರೆಂಚ್ ಆಯಿತು, ಜನಸಾಮಾನ್ಯರ ಮಾತು ಇಂಗ್ಲಿಷಾಗಿಯೇ ಉಳಿಯಿತು. ಫ್ರೆಂಚ್ ಮಾತು ಜನರಿಗೆ ತಿಳಿಯದೆಂಬ ಕಾರಣ ಕೊಟ್ಟು, ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ಶಾಸನ ಮಾಡಿದ್ದು 1362ರಲ್ಲಿ. ಮುಂದೆ ವಿದ್ವತ್ತಿನ ದಾರಿಯಿಂದ ಲ್ಯಾಟಿನ್ ಪದಗಳ ಇನ್ನೊಂದು ಪದರ ಸೇರಿತು. ಹೀಗಾಗಿ ಕೇಳುವ ಕ್ರಿಯೆಯೊಂದಕ್ಕೇ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರು ಪದಗಳಾದವು. ದಾರಿ ಕೇಳುವವರು ಆಸ್ಕ್ ಮಾಡುತ್ತಾರೆ; ಅನುಮಾನವಿದ್ದವರು ಕ್ವೆಶ್ಚನ್ ಮಾಡುತ್ತಾರೆ; ಮುಚ್ಚಿದ ಕೋಣೆಯಲ್ಲಿ ಅಧಿಕಾರ ಕೈಯಲ್ಲಿದ್ದವರು ಇಂಟರಾಗೇಟ್ ಮಾಡುತ್ತಾರೆ. ಮೂಲ ಇಂಗ್ಲಿಷ್ ಪದ ಸರಳ, ಫ್ರೆಂಚ್ ಪದ ನಯ, ಲ್ಯಾಟಿನ್ ಪದ ಗಂಭೀರ ಎಂದು ಪಠ್ಯಪುಸ್ತಕಗಳು ಇದನ್ನೊಂದು ಸೂತ್ರವಾಗಿಸುವುದುಂಟು. ನನಗೆ ಆ ಸೂತ್ರದಲ್ಲಿ ಪೂರ್ತಿ ನಂಬಿಕೆಯಿಲ್ಲ. ‘ಫೇಸ್’, ‘ಪೀಪಲ್’, ‘ವೆರಿ’ ಇವೆಲ್ಲ ಫ್ರೆಂಚಿನಿಂದ ಬಂದವೇ ಆದರೂ ಅವುಗಳಷ್ಟು ಮನೆಮಾತಾದ ಪದಗಳು ಕಡಿಮೆ.

ಎರವಲು ಪದ ಬಂದು ಕೂತಾಗ ಹಳೆಯ ಪದ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಒಂದೇ ಕೆಲಸಕ್ಕೆ ಎರಡು ಪದಗಳನ್ನು ಭಾಷೆ ಬಹುಕಾಲ ಸಾಕುವುದಿಲ್ಲ. ಒಂದೋ ಒಂದು ಪದ ಬಿದ್ದುಹೋಗುತ್ತದೆ, ಇಲ್ಲವೇ ಎರಡೂ ಕೆಲಸ ಹಂಚಿಕೊಳ್ಳುತ್ತವೆ. ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್ 1897ರಲ್ಲಿ ಅರ್ಥವಿಜ್ಞಾನದ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ಹಂಚಿಕೆಯ ನಿಯಮವೆಂದೇ ಕರೆದ. ಇಂದು ಜಿಂಕೆಗೆ ಹೇಳುವ ‘ಡೀರ್’ ಪದದ ಹಳೆಯ ರೂಪ ಒಂದು ಕಾಲಕ್ಕೆ ಯಾವುದೇ ಮೃಗವನ್ನು ಸೂಚಿಸುತ್ತಿತ್ತು. ‘ಬೀಸ್ಟ್’, ‘ಅನಿಮಲ್’ ಬಂದ ಮೇಲೆ ಅದು ಒಂದು ಪ್ರಾಣಿಗೆ ಸೀಮಿತವಾಯಿತು. ನಮ್ಮ ಮೃಗ ಪದಕ್ಕೂ ಸಂಸ್ಕೃತದಲ್ಲಿ ಜಿಂಕೆ, ಕಾಡುಪ್ರಾಣಿ ಎಂಬ ಎರಡೂ ಅರ್ಥಗಳಿದ್ದುದು ಇಲ್ಲಿ ನೆನಪಾಗದೆ ಇರದು. ‘ಸ್ಟೆಂಚ್’ ಪದವೂ ಹಾಗೆಯೇ: ಹಳೆಯ ಇಂಗ್ಲಿಷಿನಲ್ಲಿ ಹೂವಿನ ಪರಿಮಳಕ್ಕೂ ಅದು ಸಲ್ಲುತ್ತಿತ್ತು, ಈಗ ಅದರ ಪಾಲಿಗೆ ಉಳಿದಿರುವುದು ದುರ್ನಾತ ಮಾತ್ರ.

ಕೆಲವು ವ್ಯತ್ಯಾಸಗಳು ವಸ್ತುವಿನಲ್ಲಿಲ್ಲ, ಹೇಳುವವರ ನಿಲುವಿನಲ್ಲಿವೆ. ಖರ್ಚು ಕಡಿಮೆ ಮಾಡುವ ಒಬ್ಬನೇ ವ್ಯಕ್ತಿ ಮೆಚ್ಚುವವರಿಗೆ ‘ತ್ರಿಫ್ಟಿ’, ಮೆಚ್ಚದವರಿಗೆ ‘ಸ್ಟಿಂಜಿ’. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ ಇದನ್ನು ವ್ಯಾಕರಣದ ಪುರುಷವಿಭಾಗದ ಧಾಟಿಯಲ್ಲಿ ತಮಾಷೆ ಮಾಡಿದ: ನಾನು ದೃಢಚಿತ್ತ, ನೀನು ಹಟಮಾರಿ, ಅವನು ಮೊಂಡುಬಿದ್ದ ಮೂರ್ಖ. ಗುಣ ಒಂದೇ, ಉತ್ತಮಪುರುಷದಿಂದ ಪ್ರಥಮಪುರುಷಕ್ಕೆ ಹೋದಂತೆ ಪದ ಒರಟಾಗುತ್ತಾ ಹೋಯಿತು. ಸುದ್ದಿ ಓದುವಾಗ ಈ ಬಗೆಯ ಪದಗಳ ಮೇಲೆ ಕಣ್ಣಿಟ್ಟರೆ ವರದಿಗಾರನ ಪಕ್ಷ ಯಾವುದೆಂಬುದು ಅವನು ಹೇಳದೆಯೇ ತಿಳಿಯುತ್ತದೆ.

ನಿಜವಾಗಿ ಎಡವಿಸುವುದು ಮಾತ್ರ ಇಂಥ ಬಣ್ಣದ ಪದಗಳಲ್ಲ, ನಿರಪಾಯವಾಗಿ ಕಾಣುವ ಸಣ್ಣ ಕ್ರಿಯಾಪದಗಳು. ‘ಡಿನೈ’ ಮತ್ತು ‘ರೆಫ್ಯೂಸ್’ ಎರಡಕ್ಕೂ ನಾವು ನಿರಾಕರಿಸು ಎಂದೇ ಹೇಳುತ್ತೇವೆ. ಈಗ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ‘ಹಿ ಡಿನೈಡ್ ಟೇಕಿಂಗ್ ದ ಮನಿ’, ‘ಹಿ ರೆಫ್ಯೂಸ್ಡ್ ಟು ಟೇಕ್ ದ ಮನಿ’. ಮೊದಲನೆಯದರಲ್ಲಿ ಅವನು ತಾನು ಹಣ ತೆಗೆದುಕೊಂಡೇ ಇಲ್ಲ ಎನ್ನುತ್ತಿದ್ದಾನೆ. ತೆಗೆದುಕೊಂಡಿದ್ದನೋ ಇಲ್ಲವೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಆಪಾದನೆಯ ವಾಸನೆಯೂ ಉಳಿಯುತ್ತದೆ. ಎರಡನೆಯದರಲ್ಲಿ ಯಾರೋ ಹಣ ಕೊಡಲು ಬಂದರು, ಅವನು ಬೇಡವೆಂದ. ಒಬ್ಬ ಆರೋಪಿ, ಇನ್ನೊಬ್ಬ ಪ್ರಾಮಾಣಿಕ. ಡಿನೈ ಎಂಬುದು ಒಂದು ಹೇಳಿಕೆಯನ್ನು ಸುಳ್ಳೆನ್ನುತ್ತದೆ. ರೆಫ್ಯೂಸ್ ಎಂಬುದು ಒಂದು ಕೆಲಸವನ್ನು ಒಲ್ಲೆನ್ನುತ್ತದೆ. ಡಿನೈ ಪದಕ್ಕೆ ಹಕ್ಕನ್ನೋ ಅವಕಾಶವನ್ನೋ ಇನ್ನೊಬ್ಬರಿಗೆ ದಕ್ಕದಂತೆ ಮಾಡುವ ಅರ್ಥವೂ ಇದೆ, ಅಲ್ಲಿ ಅದು ರೆಫ್ಯೂಸ್‌ಗೆ ಹತ್ತಿರ ಬರುತ್ತದೆ. ಗೊಂದಲದ ಮೂಲ ಬಹುಶಃ ಅದೇ. ಇದೇ ಕುಟುಂಬದ ‘ಡಿಕ್ಲೈನ್’ ವಿನಯದಿಂದ ಬೇಡವೆನ್ನುವುದು, ‘ರಿಜೆಕ್ಟ್’ ನೋಡಿ ತೂಗಿ ತಕ್ಕದ್ದಲ್ಲವೆಂದು ತಳ್ಳಿಹಾಕುವುದು. ಆಮಂತ್ರಣವನ್ನು ಡಿಕ್ಲೈನ್ ಮಾಡಿದರೆ ಸ್ನೇಹ ಉಳಿಯುತ್ತದೆ.

‘ಹೋಪ್’, ‘ವಿಶ್’, ‘ಎಕ್ಸ್‌ಪೆಕ್ಟ್’ ಇನ್ನೊಂದು ಸಿಕ್ಕು. ಎಕ್ಸ್‌ಪೆಕ್ಟ್ ಎಂಬುದರಲ್ಲಿ ಆಸೆ ಇರಬೇಕೆಂದಿಲ್ಲ; ಹೀಗಾದೀತೆಂಬ ಎಣಿಕೆ ಇದ್ದರೆ ಸಾಕು, ಆದ್ದರಿಂದ ಸೋಲನ್ನೂ ಎಕ್ಸ್‌ಪೆಕ್ಟ್ ಮಾಡಬಹುದು. ಹೋಪ್ ಎಂಬುದರಲ್ಲಿ ಆಸೆ ಇರಲೇಬೇಕು, ಆಗುವ ಸಾಧ್ಯತೆಯೂ ಇರಬೇಕು. ವಿಶ್ ಪದವನ್ನು ಒಂದು ಉಪವಾಕ್ಯದೊಡನೆ ಬಳಸಿದಾಗ ಸ್ಥಿತಿ ಆಸೆಗೆ ವಿರುದ್ಧವಾಗಿದೆಯೆಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ‘ಐ ವಿಶ್ ಶಿ ವರ್ ಹಿಯರ್’ ಎಂದರೆ ಅವಳಿಲ್ಲ ಎಂಬುದು ಖಚಿತ, ಅದಕ್ಕೇ ಕ್ರಿಯಾಪದ ಭೂತಕಾಲದ ರೂಪಕ್ಕೆ ಸರಿದಿದೆ. ಅವರಿಗೆ ಹುಷಾರಿಲ್ಲವೇನೋ ಎಂಬ ಅರ್ಥದಲ್ಲಿ ‘ಐ ಹೋಪ್ ಹಿ ಈಸ್ ಇಲ್’ ಎಂದುಬಿಟ್ಟರೆ, ಆ ಮನುಷ್ಯನಿಗೆ ಕಾಯಿಲೆ ಬರಲೆಂದು ಹಾರೈಸಿದಂತಾಯಿತು. ಅಲ್ಲಿ ಬೇಕಾದದ್ದು ‘ಐ ಥಿಂಕ್’, ಅಥವಾ ವಿಷಾದ ಬೆರೆತ ‘ಐ ಆಮ್ ಅಫ್ರೇಡ್’.

‘ಆಕ್ಯುರೇಟ್’ ಮತ್ತು ‘ಪ್ರಿಸೈಸ್’ ಎಂಬ ಜೋಡಿಯನ್ನು ವಿಜ್ಞಾನಿಗಳು ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾರೆ. ಯಾವಾಗ ನೋಡಿದರೂ ಸರಿಯಾಗಿ ಐದು ನಿಮಿಷ ಮುಂದೆ ಓಡುವ ಗಡಿಯಾರ ಪ್ರಿಸೈಸ್ ಹೌದು, ಆಕ್ಯುರೇಟ್ ಅಲ್ಲ. ಒಮ್ಮೆ ಸ್ವಲ್ಪ ಹಿಂದೆ, ಒಮ್ಮೆ ಸ್ವಲ್ಪ ಮುಂದೆ ತೋರಿಸುತ್ತಾ ಸರಾಸರಿಯಲ್ಲಿ ನಿಜವಾದ ವೇಳೆಯ ಸುತ್ತಲೇ ಇರುವ ಗಡಿಯಾರದ ಕಥೆ ಇದರ ತಿರುವುಮುರುವು. ‘ಹಿಸ್ಟಾರಿಕಲ್’ ಎಂದರೆ ಇತಿಹಾಸಕ್ಕೆ ಸೇರಿದ್ದು, ‘ಹಿಸ್ಟಾರಿಕ್’ ಎಂದರೆ ಇತಿಹಾಸದಲ್ಲಿ ಉಳಿಯುವಂಥದ್ದು; ‘ಎಕನಾಮಿಕ್’ ಅರ್ಥವ್ಯವಸ್ಥೆಯದು, ‘ಎಕನಾಮಿಕಲ್’ ಮಿತವ್ಯಯದ್ದು. ಇವನ್ನು ಒಮ್ಮೆ ಗಮನಿಸಿಕೊಂಡರೆ ಸಾಕು.

ಇಂಥ ಗಡಿಗಳು ಕಲ್ಲಿನಲ್ಲಿ ಕೊರೆದವಲ್ಲ ಎಂಬುದನ್ನೂ ಹೇಳಬೇಕು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಹಿತವಿಲ್ಲದ, ನಿಷ್ಪಕ್ಷಪಾತಿ, ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ ಎಂದು ಇಂದಿನ ಭಾಷಾಕೈಪಿಡಿಗಳು ಒತ್ತಿ ಹೇಳುತ್ತವೆ. ಆದರೆ 17ನೆಯ ಶತಮಾನದ ಮೊದಲ ಪ್ರಯೋಗಗಳಲ್ಲಿ ಅವು ಸರಿಯಾಗಿ ಅದಲುಬದಲಾಗಿದ್ದವು. ಹಾಗೆಂದು ವ್ಯತ್ಯಾಸವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ತೀರ್ಪು ಕೊಡುವವರು ನಿಷ್ಪಕ್ಷಪಾತಿಯೋ ನಿರಾಸಕ್ತರೋ ಎಂಬ ಸಂಶಯಕ್ಕೆ ಎಡೆಯಾಗುವಂತೆ ಬರೆಯುವುದು ಯಾರಿಗೂ ಒಳ್ಳೆಯದಲ್ಲ. ಹಳೆಯ ಪ್ರಯೋಗ ಕಂಡಾಗ ಅದನ್ನು ತಪ್ಪೆಂದು ತಿದ್ದಲು ಹೋಗಬಾರದು, ಅಷ್ಟೇ.

ಇದನ್ನೆಲ್ಲ ಕಲಿಯುವುದು ಎಲ್ಲಿಂದ? ಹಲವರು ಪದಕೋಶಗಳ ಕಡೆ ಕೈತೋರುತ್ತಾರೆ. ಪೀಟರ್ ಮಾರ್ಕ್ ರಾಜೆಟ್ ಎಂಬ ವೈದ್ಯ 1852ರಲ್ಲಿ ಹೊರತಂದ ಥಿಸಾರಸ್ ಸಮೀಪಾರ್ಥದ ಪದಗಳನ್ನು ಭಾವಗಳ ಪ್ರಕಾರ ಗುಂಪುಗೂಡಿಸಿದ ದೊಡ್ಡ ಕೆಲಸ. ಆದರೆ ಆ ಪದಗಳ ನಡುವಿನ ಭೇದಗಳನ್ನು ವಿವರಿಸುವುದು ತನ್ನ ಉದ್ದೇಶವಲ್ಲವೆಂದು ರಾಜೆಟ್ ಪೀಠಿಕೆಯಲ್ಲೇ ಸ್ಪಷ್ಟಪಡಿಸಿದ್ದಾನೆ. ಪದ ಗೊತ್ತಿದ್ದೂ ತಕ್ಷಣ ನೆನಪಾಗದವರಿಗೆ ಅದು ವರ. ಗೊತ್ತಿಲ್ಲದೆ ಚೆಂದದ ಪದ ಆರಿಸಿಕೊಳ್ಳುವವರಿಗೆ ಅದು ಹಳ್ಳ.

ಇದಕ್ಕಿಂತ ಭರವಸೆಯ ದಾರಿ ಪದದ ಸಹವಾಸವನ್ನು ಗಮನಿಸುವುದು. ಒಂದು ಪದ ಯಾರ ಜೊತೆ ಓಡಾಡುತ್ತದೆ ಎಂಬುದರಿಂದ ಅದನ್ನು ಅರಿಯಬೇಕೆಂಬ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ. ಚಹಾ ‘ಸ್ಟ್ರಾಂಗ್’ ಆಗಿರುತ್ತದೆ, ಎಂಜಿನ್ ‘ಪವರ್‌ಫುಲ್’ ಆಗಿರುತ್ತದೆ, ಮಳೆ ‘ಹೆವಿ’ ಆಗಿರುತ್ತದೆ. ಈ ಮೂರರ ವಿಶೇಷಣಗಳನ್ನು ಅದಲುಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಕಿವಿಗೆ ಹಿಡಿಸುವುದಿಲ್ಲ. ಫರ್ತ್‌ನ ಈ ವಿಚಾರವನ್ನು ಜಾನ್ ಸಿಂಕ್ಲೇರ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸಹಾಯದಿಂದ ಮುಂದುವರಿಸಿದ. ಜನ ನಿಜವಾಗಿ ಬರೆದ, ಆಡಿದ ಮಾತಿನ ಭಾರಿ ಸಂಗ್ರಹವನ್ನು ಆಧರಿಸಿ 1987ರಲ್ಲಿ ಕೊಬಿಲ್ಡ್ ನಿಘಂಟು ಬಂದಿತು. ಪದಕ್ಕೆ ಪದ ಕೊಡುವ ಬದಲು ಅದು ಪದವನ್ನು ಪೂರ್ಣ ವಾಕ್ಯದೊಳಗಿಟ್ಟೇ ಅರ್ಥ ಹೇಳುತ್ತದೆ. ಯಾರು, ಯಾವುದನ್ನು, ಯಾವ ಸಂದರ್ಭದಲ್ಲಿ ಎಂಬುದು ಅಲ್ಲೇ ಕಾಣಿಸುತ್ತದೆ.

ಇಂಥ ಸಂಗ್ರಹಗಳನ್ನು ಜಾಲಾಡಿದಾಗ ಇಂಗ್ಲಿಷ್ ಮಾತೃಭಾಷೆಯಾದವರಿಗೂ ಅರಿವಿರದ ಸಂಗತಿಗಳು ಹೊರಬಿದ್ದಿವೆ. ‘ಕಾಸ್’ ಎಂಬ ಕ್ರಿಯಾಪದಕ್ಕೆ ಉಂಟುಮಾಡು ಎಂಬುದು ನಿಘಂಟಿನ ಅರ್ಥ. ಒಳಿತು ಕೆಡುಕುಗಳ ಮಾತೇ ಅಲ್ಲಿಲ್ಲ. ಆದರೆ ಪ್ರಯೋಗದಲ್ಲಿ ಅದರ ಹಿಂದೆ ಬರುವ ನಾಮಪದಗಳು ಬಹುಪಾಲು ಹಾನಿ, ತೊಂದರೆ, ಸಾವು, ಆತಂಕ ಇಂಥವೇ. ಪಕ್ಕದ ‘ಪ್ರೊವೈಡ್’ ಪದದ ಸಂಗಾತಿಗಳು ನೆರವು, ಮಾಹಿತಿ, ಆಶ್ರಯ. ಆದ್ದರಿಂದ ಔಷಧವು ರೋಗಿಗೆ ಉಪಶಮನವನ್ನು ‘ಕಾಸ್’ ಮಾಡಿತು ಎಂದು ಬರೆದರೆ ಓದುಗ ಒಂದು ಕ್ಷಣ ಹುಬ್ಬುಗಂಟಿಕ್ಕುತ್ತಾನೆ. ‘ಬ್ರಾಟ್ ರಿಲೀಫ್’ ಎಂದರೆ ನಿರಾತಂಕವಾಗಿ ಮುಂದಕ್ಕೆ ಹೋಗುತ್ತಾನೆ. ಅಡ್ಡಪರಿಣಾಮಗಳ ವಿಚಾರ ಬಂದಾಗ ಅದೇ ‘ಕಾಸ್’ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ.